ಬ್ರೇಕಿನ ದಿನ

ಮಾರ್ಚ್ ತಿಂಗಳ ಕೊನೆಯ ದಿನ ನನ್ನ ಹೆಂಡತಿ ದವಾಖಾನೆಯಿಂದ ಎಂದಿಗಿಂತ ಸ್ವಲ್ಪ ಬೇಗ ಬಂದಳು. ಮನೆಯೊಳಗೆ ಹೋಗದೆ ನೇರ ಗಿರಣಿಗೆ ಬಂದು, ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕಳು. ನಾನು ಜೋಳ ಬೀಸುತ್ತಿದ್ದೆ.

"ಹುಬ್ಬಿನ ಮ್ಯಾಲೆಲ್ಲಾ ಹಿಟ್ಟು ಕುಂತೈತಿ. ಒಂದ ದಿನದಾಗ ಮುದುಕ ಆಗೀರಲ್ಲ," ಅಂದಳು.

"ನಾಳಿಗೆ ನೀ ನಿರುದ್ಯೋಗಿ. ಮುದುಕನ ಜೋಡಿ ಚಂದಂಗ ಇರೂದ ಕಲಿ," ಅಂದೆ.

"ನಾಳಿ ಒಂದ ದಿನ ಅಷ್ಟ. ನಾಡಿದ್ದ ಮತ್ತ ನನ್ನ ನೌಕರಿ ನನಗ, ನಿಮ್ಮ ಹಿಟ್ಟು ನಿಮಗ."

ಇದು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಾತು. ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ನವಲಗುಂದ ತಾಲೂಕಿನ ನಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವಳು ಗುತ್ತಿಗೆ ನರ್ಸ್ ಆಗಿದ್ದಳು. ಗುತ್ತಿಗೆ ಅಂದರೆ ಒಂದು ವರ್ಷದ ನೌಕರಿ. ಮಾರ್ಚ್ ಮುಗಿದೊಡನೆ ಅದೂ ಮುಗಿಯುತ್ತದೆ. ಏಪ್ರಿಲ್ ಮೊದಲ ದಿನ ಅವಳು ಸರ್ಕಾರಕ್ಕೆ ಏನೂ ಅಲ್ಲ. ಎರಡನೆಯ ದಿನ ಹೊಸ ಆದೇಶ, ಹೊಸ ನೌಕರಿ. ನಡುವಿನ ಆ ಒಂದು ದಿನಕ್ಕೆ ಎಲ್ಲರೂ ಬ್ರೇಕ್ ಅನ್ನುತ್ತಿದ್ದರು. ಸೇವೆ ಸತತವಾಗಿ ನಡೆದರೆ ನೌಕರರು ಖಾಯಂ ಮಾಡ್ರಿ ಅಂತ ಕೇಳುತ್ತಾರೆ, ಖಾಯಂ ಆದರೆ ಪಿಂಚಣಿ ಕೇಳುತ್ತಾರೆ. ಅದಕ್ಕಾಗಿ ಎರಡು ಹೊಲದ ನಡುವೆ ಬದು ಹಾಕಿದ ಹಾಗೆ ಎರಡು ವರ್ಷದ ನಡುವೆ ಒಂದು ದಿನ ಬಿಟ್ಟಿರುತ್ತಾರೆ. ಇದನ್ನು ನನಗೆ ತಿಳಿಸಿ ಹೇಳಿದವಳು ಅವಳೇ. ಕೇಳಿ ನಾನು, "ಅಗದಿ ಶಾಣ್ಯಾ ಮಂದಿ ಅದಾರ ಬಿಡು," ಅಂದೆ. ಅವಳಿಗೆ ಸಿಟ್ಟು ಬಂದಿತ್ತು. ನಾನು ಹೊಗಳಿದ್ದು ಯಾರನ್ನು ಅಂತ ನನಗೆ ತಡವಾಗಿ ಗೊತ್ತಾಯಿತು.

ಲಗ್ನವಾದ ಮೊದಲ ವರ್ಷ ಆ ದಿನ ಬಂದಾಗ ಅವಳು ಬೆಳಿಗ್ಗೆಯಿಂದ ಅಡಿಗೆಮನೆಯಲ್ಲಿ ಮೋರೆ ಸಣ್ಣದು ಮಾಡಿಕೊಂಡು ಕುಳಿತಿದ್ದಳು. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಅಡಿಗೆಯಲ್ಲೂ ನನಗೆ ಬರುವುದು ಗಿರ್ಮಿಟ್ ಒಂದೇ. ಗಿರಣಿ ಬಂದ್ ಮಾಡಿ, ಉಳ್ಳಾಗಡ್ಡಿ ಹೆಚ್ಚಿ, ಒಗ್ಗರಣೆ ಹಾಕಿ, ಮಂಡಕ್ಕಿ ಕಲಸಿ ಅವಳ ಮುಂದೆ ಇಟ್ಟೆ. ಉಪ್ಪು ಹೆಚ್ಚಾಗಿತ್ತು. ಅವಳು ತಿಂದು, ನಕ್ಕು, ನೀರು ಕುಡಿದಳು. ಅಂದಿನಿಂದ ಬ್ರೇಕಿನ ದಿನ ನಮ್ಮ ಮನೆಯ ಹಬ್ಬವಾಯಿತು. ಆ ದಿನ ಅವಳು ಒಲೆಯ ಹತ್ತಿರ ಹೋಗುವ ಹಾಗಿಲ್ಲ, ನಾನು ಗಿರಣಿ ತೆಗೆಯುವ ಹಾಗಿಲ್ಲ. ಸರ್ಕಾರ ಅವಳನ್ನು ಬಿಟ್ಟ ದಿನ ನನಗೆ ಸಿಕ್ಕ ದಿನ ಅಂತ ನಾನು ಹೇಳುತ್ತಿದ್ದೆ. ಇಂಥ ಮಾತು ಹೇಳಿ ನಾನೇ ಮೊದಲು ನಗುವ ಚಟ ನನಗಿದೆ.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಹಬ್ಬಕ್ಕೆ ಇನ್ನೊಂದು ಆಚರಣೆ ಸೇರಿತು. ಬ್ರೇಕಿನ ದಿನ ಬೆಳಿಗ್ಗೆ ನಾನು ಊರ ವಾಟ್ಸಾಪ್ ಗುಂಪಿಗೆ ನನ್ನ ದನಿಯಲ್ಲೇ ಒಂದು ಸಂದೇಶ ಬಿಡುತ್ತಿದ್ದೆ. "ಊರಿನ ಗುರುಹಿರಿಯರಿಗೆ ತಿಳಿಸೂದು ಏನಂದ್ರ, ಇವತ್ತ ನಮ್ಮ ನರ್ಸಬಾಯಾರು ಸರ್ಕಾರದವರಲ್ಲ. ಇವತ್ತ ಅವ್ರು ಬರೇ ನನ್ನ ಹೆಂಡ್ತಿ. ಜ್ವರ ಬಂದವರು, ಹೊಟ್ಟಿ ನೋಯುವವರು ನಾಳಿ ತನಕ ತಡಕೋರಿ. ಯಾರೂ ಫೋನ್ ಹಚ್ಚಬ್ಯಾಡ್ರಿ." ಊರವರು ಇದನ್ನು ಕಾಯುತ್ತಿದ್ದರು. ಇದ್ದಬದ್ದ ನಗುವ ಮುಖಗಳನ್ನೆಲ್ಲ ಕಳಿಸುತ್ತಿದ್ದರು. ಕೆಲವರು ಬೇರೆ ಊರಿನ ಬೀಗರಿಗೂ ಮುಂದೆ ತಳ್ಳುತ್ತಿದ್ದರು. ನನಗೆ ನಾನೇ ಒಬ್ಬ ದೊಡ್ಡ ಕಲಾವಿದ ಅನ್ನಿಸುತ್ತಿತ್ತು.

ಅಂದು ಸಂಜೆ ಗಿರಣಿಯ ಹೊಸ್ತಿಲಲ್ಲಿ ಅವಳು ಹೇಳಿದ್ದೂ ಅದರ ಬಗ್ಗೆಯೇ. "ಈ ವರ್ಷ ಸಂದೇಶ ಸಣ್ಣದು ಮಾಡ್ರಿ. ಹ್ವಾದ ವರ್ಷ ಭಾಷಣ ಆಗಿತ್ತು."

ನಮ್ಮ ಲಗ್ನ ಆದದ್ದೇ ಈ ನೌಕರಿಯ ಬಲದ ಮೇಲೆ. ಹೆಣ್ಣು ನೋಡಲು ಹೋದಾಗ ನಮ್ಮಪ್ಪ ಕೇಳಿದ್ದು ಒಂದೇ ಮಾತು. "ಹುಡಿಗಿ ಸರ್ಕಾರಿ ದವಾಖಾನ್ಯಾಗ ಅದಾಳಲ್ರಿ?" ಅವಳ ತಂದೆ "ಹೌದ್ರಿ" ಅಂದರು. ಅದರಲ್ಲಿ ಸುಳ್ಳಿಲ್ಲ. ದವಾಖಾನೆ ಸರ್ಕಾರದ್ದೇ. ಹುಡುಗಿ ಸರ್ಕಾರದವಳೋ ಅಲ್ಲವೋ ಅಂತ ಕೇಳುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಎರಡು ಸಲ ಕುಳಿತು ಎಸ್ಸೆಸ್ಸೆಲ್ಸಿ ಪಾಸಾದ ನನಗಂತೂ ಬರುವ ಪ್ರಶ್ನೆಯೇ ಇರಲಿಲ್ಲ. "ಮನ್ಯಾಗ ಸರ್ಕಾರಿ ನೌಕರಿ ಐತಿ" ಅಂತ ಗಿರಣಿಗೆ ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಊರವರು ನನ್ನ ಹೆಸರು ಮರೆತು 'ನರ್ಸಬಾಯಾರ ಗಂಡ' ಅನ್ನತೊಡಗಿದಾಗಲೂ ಅದನ್ನು ಬಡ್ತಿ ಅಂತಲೇ ತಿಳಿದೆ.

ನಮ್ಮ ಮನೆಯಲ್ಲಿ ಎಲ್ಲ ದೊಡ್ಡ ಕೆಲಸಕ್ಕೂ ಒಂದೇ ಗಡುವು: ಖಾಯಂ ಆದಮ್ಯಾಲ. ಸೋರುವ ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸುವುದು ಖಾಯಂ ಆದಮ್ಯಾಲ. ಅವಳಿಗೆ ಆಗಾಗ ಎದೆ ಹಿಡಿದ ಹಾಗೆ ಆಗುತ್ತಿತ್ತು, ಅದನ್ನು ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ತೋರಿಸುವುದೂ ಖಾಯಂ ಆದಮ್ಯಾಲ. ಪಿಂಚಣಿ ಬಂದ ಮೇಲೆ ನಾನು ಏನು ಮಾಡಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗಿರಣಿ ಬೇರೆಯವರಿಗೆ ಒಪ್ಪಿಸಿ, ತಿಂಗಳಿಗೊಮ್ಮೆ ಅವಳ ಹಿಂದೆ ಬ್ಯಾಂಕಿಗೆ ಹೋಗಿ, ಅಲ್ಲಿಯ ಬಾಕಿನ ಮೇಲೆ ನಿವೃತ್ತ ಮಾಸ್ತರರ ಜೊತೆ ಕುಳಿತು ರಾಜಕೀಯ ಮಾತಾಡುವುದು. ದುಡಿಮೆ ಅವಳದು, ನಿವೃತ್ತಿಯ ತಯಾರಿ ನನ್ನದು.

ಖಾಯಂ ಮಾಡ್ರಿ ಅಂತ ಗುತ್ತಿಗೆಯವರೆಲ್ಲ ಒಮ್ಮೆ ಬೆಂಗಳೂರಿಗೆ ಧರಣಿಗೆ ಹೋದರು. ರೊಟ್ಟಿಯ ಗಂಟು ಹೊರಲು ನಾನೂ ಹೋದೆ. ಅಲ್ಲಿ ಘೋಷಣೆ ಶುರುವಾದೊಡನೆ ನನಗೆ ಎಲ್ಲಿಲ್ಲದ ಹುರುಪು ಬಂತು. ಗಿರಣಿಯ ಗದ್ದಲದಲ್ಲಿ ಮಾತಾಡಿ ಪಳಗಿದ ಗಂಟಲು ನನ್ನದು. ಸುತ್ತಲಿನ ನರ್ಸರೆಲ್ಲ ಸೇರಿದರೂ ನನ್ನಷ್ಟು ದನಿ ಬರಲಿಲ್ಲ. ಟಿವಿಯವನೊಬ್ಬ ಓಡಿ ಬಂದು ಮೈಕ್ ಹಿಡಿದು, "ಎಷ್ಟು ವರ್ಷದಿಂದ ಸೇವೆಯಲ್ಲಿದ್ದೀರಿ ಸಾರ್?" ಅಂದ.

"ಲಗ್ನ ಆದಾಗಿಂದ್ರಿ," ಅಂದೆ.

ಹಿಂದೆ ಕುಳಿತವರು ಬಿದ್ದು ಬಿದ್ದು ನಕ್ಕರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಮೊದಲ ನಿಮ್ಮನ್ನ ಖಾಯಂ ಮಾಡ್ತಾರ ನೋಡ್ರಿ, ಆಮ್ಯಾಲೆ ನಮ್ಮನ್ನ," ಅಂದಳು. ಧರಣಿಗೆ ಭರವಸೆ ಸಿಕ್ಕಿತು. ಭರವಸೆ ಕಟ್ಟಿಕೊಂಡು, ಉಳಿದ ರೊಟ್ಟಿ ತಿನ್ನುತ್ತಾ ಊರಿಗೆ ಬಂದೆವು.

ಗಿರಣಿಯ ಹೊಸ್ತಿಲಲ್ಲಿ ಅವಳು ನಿಂತು ನಕ್ಕ ಆ ವರ್ಷ ಬ್ರೇಕಿನ ದಿನ ಗುರುವಾರ ಬಂತು. ಗುರುವಾರ ಅಂದರೆ ಕೂಸುಗಳಿಗೆ ಲಸಿಕೆ ಹಾಕುವ ದಿನ. ಬೆಳಿಗ್ಗೆ ಚಹಾ ಕುಡಿದು ನಾನು ನನ್ನ ಸಂದೇಶ ಬಿಟ್ಟೆ. ಸಣ್ಣದು ಮಾಡಲಿಲ್ಲ. ಉಳ್ಳಾಗಡ್ಡಿ ಸುಲಿಯುತ್ತಿರುವಾಗ ಅವಳಿಗೆ ದವಾಖಾನೆಯ ಡಾಕ್ಟರರ ಫೋನ್ ಬಂತು. ಮೈಸೂರು ಕಡೆಯ ಹುಡುಗ, ನೌಕರಿಗೆ ಹೊಸಬ. ಸ್ಪೀಕರಿನಲ್ಲಿ ಹಾಕಿದ್ದರಿಂದ ನನಗೂ ಕೇಳಿತು.

"ಸಿಸ್ಟರ್, ಇವತ್ತು ನಿಮಗೆ ಬ್ರೇಕ್ ಅಂತ ಗೊತ್ತು. ಆದ್ರೆ ಖಾಯಂ ಸಿಸ್ಟರ್ ರಜೆ ಹಾಕಿಬಿಟ್ಟಿದ್ದಾರೆ. ಅಂಗನವಾಡೀಲಿ ತಾಯಂದಿರು ಬಂದು ಕೂತಿದ್ದಾರಂತೆ. ಸ್ವಲ್ಪ ಹೊತ್ತು ಬಂದು ಹೋಗ್ತೀರಾ?"

"ಬರ್ತೀನ್ರಿ ಸರ್," ಅಂದುಬಿಟ್ಟಳು.

"ನೀ ಇವತ್ತ ಅವರವಳ ಅಲ್ಲ. ಯಾಕ ಹೋಗ್ತಿ?" ಅಂದೆ.

"ಕೂಸಿಗೆ ಏನ ಗೊತ್ತ ಬ್ರೇಕು?" ಏಪ್ರನ್ ಹಾಕಿಕೊಳ್ಳುತ್ತಾ ಅಂದಳು. "ಉಳ್ಳಾಗಡ್ಡಿ ಸಣ್ಣಗ ಹೆಚ್ಚರಿ. ಹ್ವಾದ ವರ್ಷ ಬೆಲ್ಲದ ಹೆಂಟಿ ಇದ್ದಂಗ ಇದ್ವು."

ನಾನು ಮೋರೆ ತಿರುಗಿಸಿ ಕುಳಿತೆ. ಹಬ್ಬ ಕೆಟ್ಟ ಮನುಷ್ಯ ಹೇಗೆ ಕೂರಬೇಕೋ ಹಾಗೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ಸಿಟ್ಟಿನಲ್ಲೇ ಉಳ್ಳಾಗಡ್ಡಿ ಹೆಚ್ಚಿದೆ, ಅಗದಿ ಸಣ್ಣಗೆ. ಮಂಡಕ್ಕಿ ಮೆತ್ತಗಾಗಬಾರದು ಅಂತ ಕಲಸದೆ ಬೇರೆ ಇಟ್ಟೆ.

ಮಧ್ಯಾಹ್ನ ನನಗೆ ಫೋನ್ ಮಾಡಿದವಳು ನಮ್ಮ ಊರಿನ ಆಶಾ ಕಾರ್ಯಕರ್ತೆ. "ಕಾಕಾ, ಲಗೂ ಬರ್ರಿ," ಅಂದು ಫೋನ್ ಇಟ್ಟುಬಿಟ್ಟಳು. ಕೊನೆಯ ಕೂಸಿಗೆ ಸೂಜಿ ಹಾಕಿ, ಐಸ್ ಡಬ್ಬಿ ಮುಚ್ಚಿ, ಅಂಗನವಾಡಿಯ ಮಕ್ಕಳು ಕೂರುವ ಸಣ್ಣ ಕುರ್ಚಿಯ ಮೇಲೆ ಅವಳು ಕುಳಿತುಬಿಟ್ಟಿದ್ದಳಂತೆ. ನೀರು ಕೇಳಿದ್ದಳಂತೆ. ಬಿಸಿಲಿಗೆ ಹೀಗಾಗಿದೆ ಅಂತ ಎಲ್ಲರೂ ಗಾಳಿ ಬೀಸುತ್ತಿದ್ದರು. ಅಂಬುಲೆನ್ಸಿನಲ್ಲಿ ನಾನು ಅವಳ ಕೈ ಹಿಡಿದು ಕುಳಿತೆ. ನನ್ನ ಕೈ ಉಳ್ಳಾಗಡ್ಡಿಯ ವಾಸನೆ ಹೊಡೆಯುತ್ತಿತ್ತು. ನಾಚಿಕೆಯಾಗಿ ಒಮ್ಮೆ ಬಿಟ್ಟೆ ಕೂಡ. ಮತ್ತೆ ಹಿಡಿದೆ. ಹುಬ್ಬಳ್ಳಿ ಇನ್ನೂ ಬಂದಿರಲಿಲ್ಲ, ಅವಳು ಹೋದಳು.

ಮಣ್ಣು ಮಾಡಿ ಬಂದು, ಬಂಧುಗಳೆಲ್ಲ ಇನ್ನೂ ಮನೆಯಲ್ಲಿರುವಾಗ ಅವಳ ಮೊಬೈಲಿಗೆ ಹೊಸ ಆದೇಶ ಬಂತು. ಗುತ್ತಿಗೆಯವರೆಲ್ಲರ ಹೆಸರಿನ ನಡುವೆ ಅವಳ ಹೆಸರೂ ಇತ್ತು. ಏಪ್ರಿಲ್ ಎರಡರಿಂದ ಸೇವೆ ಮುಂದುವರಿಸಲಾಗಿದೆ. ಧಾರವಾಡದಲ್ಲಿ ಕಾಲೇಜು ಓದುವ ಮಗಳು ಅದನ್ನು ನನಗೆ ಓದಿ ಹೇಳಿ, ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಮಾರ್ಚ್ ಮುಗಿಯುವವರೆಗೆ ನನ್ನ ಹೆಂಡತಿ ಅವರವಳು. ಸತ್ತ ಮರುದಿನದಿಂದ ಮತ್ತೆ ಅವರವಳು. ಸತ್ತ ದಿನ ಮಾತ್ರ ಅಲ್ಲ.

ಗುತ್ತಿಗೆಯವರಿಗೆ ಪಿಂಚಣಿ ಇಲ್ಲ, ಅದು ನನಗೆ ಗೊತ್ತಿತ್ತು. ಆದರೆ ಸೇವೆಯಲ್ಲಿದ್ದಾಗ ತೀರಿಕೊಂಡರೆ ಮನೆಯವರಿಗೆ ಪರಿಹಾರ ಅಂತ ಒಂದಿದೆ, ಕೇಳ್ರಿ ಅಂತ ಅವಳ ಜೊತೆಯವರು ಹೇಳಿದರು. ಹಣ ಬೇಡ, ಮರ್ಯಾದೆ ಸಾಕು ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಮಗಳ ಓದು ಮುಗಿದಿಲ್ಲ. ಬೇಕು. ಬಿಳಿ ಅಂಗಿ ಹಾಕಿಕೊಂಡು ನವಲಗುಂದದ ಆಫೀಸಿಗೆ ಹೋದೆ.

ಆ ಕೆಲಸ ನೋಡುವ ಹೆಣ್ಣುಮಗಳು ಒಳ್ಳೆಯವಳು. ಕುರ್ಚಿ ಕೊಟ್ಟಳು, ಚಹಾ ತರಿಸಿದಳು. ಕಂಪ್ಯೂಟರ್ ನೋಡಿದಳು, ನನ್ನನ್ನು ನೋಡಿದಳು.

"ಕಾಕಾ, ಹೆಂಗ ಹೇಳೂದೋ ತಿಳೀವಲ್ದು. ಆ ದಿವಸ ಅವ್ರು ನಮ್ಮವರಾಗಿರ್ಲಿಲ್ರಿ."

"ಅಂಗನವಾಡ್ಯಾಗ ಸೂಜಿ ಹಾಕಿ ಸತ್ತಾಳ್ರಿ ಯವ್ವಾ."

"ಹಾಕಿರಬಹುದ್ರಿ. ಆದ್ರ ಆ ದಿವಸ ಬ್ರೇಕ್ ಐತಿ. ಯಾರೂ ಡ್ಯೂಟಿ ಮ್ಯಾಲೆ ಇರಂಗಿಲ್ಲ." ದನಿ ತಗ್ಗಿಸಿದಳು. "ಮತ್ತ, ತಪ್ಪ ತಿಳೀಬ್ಯಾಡ್ರಿ. ನೀವ ಹೇಳೀರಲ್ರಿ ಆ ದಿವಸ, ಸರ್ಕಾರದವರಲ್ಲ, ಬರೇ ನನ್ನ ಹೆಂಡ್ತಿ ಅಂತ. ನಮ್ಮ ಆಫೀಸಿನ ಗುಂಪಿಗೂ ಯಾರೋ ಹಾಕಿದ್ರು. ಸಾಹೇಬರೂ ಕೇಳ್ಯಾರ."

ನನ್ನ ಕಲೆಗೆ ಇಷ್ಟು ದೂರದ ಕೇಳುಗರಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಸರ್ಕಾರದ ಪರವಾಗಿ ಸರ್ಕಾರಕ್ಕಿಂತ ಚೆನ್ನಾಗಿ ನಾನೇ ಮಾತಾಡಿದ್ದೆ, ಅದೂ ದನಿ ಸಮೇತ. ಇಷ್ಟು ವರ್ಷ ಆ ದಿನವನ್ನು ಹಬ್ಬ ಮಾಡಿದವನು ಈಗ ಅಂಥ ದಿನವೇ ಇರಲಿಲ್ಲ ಅಂತ ವಾದಿಸಬೇಕಾಗಿತ್ತು. ಆ ವಾದ ಮಾಡಲು ನನಗಿಂತ ನಾಲಾಯಕ್ ಮನುಷ್ಯ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. "ಹೌದ್ರಿ," ಅಂದು, ಚಹಾ ಕುಡಿದು, ಎದ್ದು ಬಂದೆ. ಕೊಡಬೇಕಾಗಿದ್ದ ಉತ್ತರ ಹೊಳೆದದ್ದು ಬಸ್ಸಿನಲ್ಲಿ. ನನಗೆ ಒಳ್ಳೆಯ ಉತ್ತರಗಳೆಲ್ಲ ಬಸ್ಸಿನಲ್ಲೇ ಹೊಳೆಯುವುದು. ಬಾಜೂಕಿನವನಿಗೆ ಹೇಳಿದೆ. ಅವನು ಪಾಪ, "ಖರೇ ಐತ್ರಿ," ಅಂದು ನಿದ್ದೆ ಮಾಡಿದ.

ಮಗಳು ಫೋನಿನಲ್ಲಿ ಬೈದಳು. "ಅಪ್ಪಾ, ಧರಣ್ಯಾಗ ಆದ್ರ ಮೈದಾನ ಕಿತ್ತು ಹೋಗೂವಂಗ ಒದರ್ತಿ. ಟೇಬಲ್ ಮುಂದ ಕುಂತ್ರ ಬಾಯಾಗ ಹಿಟ್ಟು ತುಂಬ್ಕೊಂಡಂಗ ಮಾಡ್ತಿ."

ಎರಡನೆಯ ಸಲ ಹೋಗುವಾಗ ಆಶಾ ಕಾರ್ಯಕರ್ತೆಯೇ ಜೊತೆಗೆ ಬಂದಳು. ನನ್ನ ಹೆಂಡತಿಗೆ ಕೊನೆಯ ನೀರು ಕೊಟ್ಟವಳು ಅವಳು. ಆಫೀಸಿನ ಮೆಟ್ಟಿಲ ಹತ್ತಿರ, "ನೀವು ಬಾಯಿ ಬಿಡಬ್ಯಾಡ್ರಿ ಕಾಕಾ. ನಿಮ್ಮ ಮಾತು ಈಗಾಗಲೇ ಭಾಳ ಆಗೈತಿ," ಅಂದಳು. ಒಳಗೆ ಅದೇ ಹೆಣ್ಣುಮಗಳ ಟೇಬಲ್ ಮುಂದೆ ನಾನು ಕೈಕಟ್ಟಿ ಕುಳಿತೆ, ಮಾತು ತೆಗೆದವಳು ಆಶಾ ಕಾರ್ಯಕರ್ತೆ.

"ಅಕ್ಕಾರ, ಆ ಗುರುವಾರ ನಮ್ಮ ಊರಾಗ ಕೂಸುಗಳಿಗೆ ಹಾಕಿದ ಡೋಸು ನಿಮ್ಮ ಲೆಕ್ಕದಾಗ ಬಂದಾವೋ ಇಲ್ಲೋ?"

"ಬಂದಾವ."

"ಆ ಕೂಸುಗಳಿಗೆ ಮತ್ತೊಮ್ಮಿ ಹಾಕ್ತೀರೇನು?"

"ಹಾಕಿದ್ದನ್ನ ಮತ್ತ ಯಾಕ ಹಾಕ್ತಾರ?"

"ಡೋಸು ಐತಿ, ಹಾಕಿದಾಕಿ ಇಲ್ಲ. ಅಂದ್ರ ಸೂಜಿ ತಾನ ಡಬ್ಬ್ಯಾಗಿಂದ ಎದ್ದು ಬಂದು ಕೂಸಿನ ತೊಡಿಗೆ ಚುಚ್ಚಿ, ಮತ್ತ ಡಬ್ಬ್ಯಾಗ ಹೋಗಿ ಮಕ್ಕೊಂತೇನು?"

ಹಿಂದಿನ ಟೇಬಲಿನವರು ನಕ್ಕರು. ಹೆಣ್ಣುಮಗಳು ನಗಲಿಲ್ಲ. "ಸಾವಕಾಶ ಮಾತಾಡು. ಯಾರರ ಕೇಳಿದ್ರ ನಿನ್ನ ಕೆಲಸಕ್ಕ ತ್ರಾಸ ಆಗ್ತೈತಿ."

"ನನ್ನ ಕೆಲಸಾ? ನಂದು ಕೆಲಸ ಅಂತ ಯಾರ ಅಂದಾರ್ರಿ? ನನಗ ಕೊಡೂದು ಗೌರವಧನ. ಕಸಗೊಂಡ್ರ ಗೌರವ ಕಸಗೋಬೇಕು."

ಆಗ ಆ ಹೆಣ್ಣುಮಗಳು ಸಣ್ಣ ದನಿಯಲ್ಲಿ ಅಂದಳು, "ನಾನೂ ಹೊರಗುತ್ತಿಗಿ ಮ್ಯಾಲೆ ಇಲ್ಲಿ ಕುಂತಾಕಿ, ಬೇ. ನನಗೂ ಬ್ರೇಕ್ ಕೊಡ್ತಾರ."

ನನ್ನ ಹೆಂಡತಿಯನ್ನು ನಮ್ಮವಳಲ್ಲ ಅಂದ ಆ 'ನಮ್ಮ' ಯಾರದು ಅಂತ ನನಗೆ ತಿಳಿಯಲಿಲ್ಲ. ಕೊನೆಗೆ ಆ ಹೆಣ್ಣುಮಗಳೇ ದಾರಿ ಹೇಳಿದಳು. ಆ ದಿನ ನಾನೇ ಕೆಲಸಕ್ಕೆ ಕರೆದೆ ಅಂತ ನಿಮ್ಮ ದವಾಖಾನೆಯ ಡಾಕ್ಟರು ಬರೆದು ಕೊಟ್ಟರೆ, ಅದನ್ನು ಹಚ್ಚಿ ಧಾರವಾಡದ ಜಿಲ್ಲಾ ಆಫೀಸಿಗೆ ಕಳಿಸಬಹುದು. ಅವರು ಆ ದಿನವನ್ನು ಸೇವೆಯಲ್ಲಿ ಹಿಡಿದರೆ ಹಿಡಿದಂತೆ.

ಡಾಕ್ಟರರನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಸೇವೆಯಲ್ಲಿ ಇಲ್ಲದವಳನ್ನು ಸೂಜಿ ಹಾಕಲು ಕರೆದೆ ಅಂತ ಬರೆದರೆ ಅವರ ಕುತ್ತಿಗೆಗೇ ಬರುತ್ತದೆ. ಅವರ ನೌಕರಿ ಇನ್ನೂ ಪಕ್ಕಾ ಆಗಿರಲಿಲ್ಲ. ದವಾಖಾನೆಯ ತನಕ ಹೋಗಿ, ಕೆಮ್ಮಿಗೆ ಗುಳಿಗೆ ಇಸಿದುಕೊಂಡು ಬಂದೆ. ಮತ್ತೆ ಹೋಗಿ ಮೊಣಕಾಲು ನೋವು ಅಂದೆ. ಅವರೂ ನನ್ನ ಮುಖ ನೋಡದೆ ಗುಳಿಗೆ ಬರೆದರು. ಹೀಗೇ ನಡೆದಿದ್ದರೆ ನಾನು ಊರಿನ ಎಲ್ಲ ರೋಗಗಳಿಗೂ ಔಷಧ ತೆಗೆದುಕೊಂಡಿರುತ್ತಿದ್ದೆ.

ಒಂದು ಸಂಜೆ ಅವರೇ ಗಿರಣಿಗೆ ಬಂದರು. ಕೈಯಲ್ಲಿ ಸಣ್ಣ ಚೀಲದಲ್ಲಿ ಗೋಧಿ. ಒಂಟಿ ಇರುವ ಹುಡುಗ, ಗೋಧಿ ಬೀಸಿಸಿ ಚಪಾತಿ ಮಾಡುವವನಲ್ಲ. ನಾನು ಅವರ ಗೋಧಿ ಮೊದಲು ಸುರುವಿದೆ. ಅವರು ನನ್ನ ಕಿವಿಯ ಹತ್ತಿರ ಬಂದು ಏನೋ ಹೇಳಿದರು. ಗದ್ದಲದಲ್ಲಿ ಕೇಳಲಿಲ್ಲ. "ಏನ್ರಿ?" ಅಂದೆ. ಮತ್ತೆ ಹೇಳಿದರು. "ಜೋರ ಹೇಳ್ರಿ!" ಅಂದೆ, ಮತ್ತು ಕೇಳಿಸಲಿ ಅಂತ ಮಷಿನ್ ಬಂದ್ ಮಾಡಿದೆ. ಅಷ್ಟರಲ್ಲಿ ಅವರು ಇದ್ದ ಶಕ್ತಿಯೆಲ್ಲ ಹಾಕಿ ಕೂಗಿಬಿಟ್ಟಿದ್ದರು.

"ನಾನೇ ಕರೆದೆ! ಅವರಾಗೇ ಬಂದಿರಲಿಲ್ಲ, ನಾನೇ ಫೋನ್ ಮಾಡಿ ಕರೆದೆ!"

ನಿಂತ ಗಿರಣಿಯಲ್ಲಿ ಆ ಮಾತು ಗೋಡೆಗೆ ಬಡಿದು ತಿರುಗಿ ಬಂತು. ಬುಟ್ಟಿ ಹಿಡಿದು ಸಾಲಾಗಿ ಕುಳಿತ ಹೆಣ್ಣುಮಕ್ಕಳೆಲ್ಲ ತಲೆಯೆತ್ತಿದರು. ಡಾಕ್ಟರರ ಕಿವಿ ಕೆಂಪಾಯಿತು. ಮೂಲೆಯಲ್ಲಿ ಕುಳಿತ ಮುದುಕಿಯೊಬ್ಬಳು, "ಗೊತ್ತೈತಿ ಬಿಡೋ ಯಪ್ಪಾ. ನನ್ನ ಮೊಮ್ಮಗಗ ಅವತ್ತ ಆಕಿನ ಹಾಕ್ಯಾಳ ಸೂಜಿ. ನೀ ಅದನ್ನ ಬರದ ಕೊಡು," ಅಂದಳು.

"ಕೊಡ್ತೀನಜ್ಜಿ," ಅಂದರು.

ಕೊಟ್ಟರು. ಆ ಪತ್ರ ಕೈಯಲ್ಲಿ ಹಿಡಿದು, "ನಿಮಗ ತ್ರಾಸ ಆಗ್ತೈತಲ್ರಿ," ಅಂದೆ. "ಆಗುತ್ತೆ," ಅಂದರು. "ಅವತ್ತು ಹೇಳಬೇಕಿತ್ತು, ಹೆದರಿದೆ." ಅವರ ಗೋಧಿಹಿಟ್ಟನ್ನು ಅವರು ಒಯ್ಯಲಿಲ್ಲ, ನಾನೇ ದವಾಖಾನೆಗೆ ಮುಟ್ಟಿಸಿ ಬಂದೆ. ಅವರಿಗೆ ಮೇಲಿನಿಂದ ಕಾರಣ ಕೇಳಿ ನೋಟಿಸು ಬಂದಿದೆ. ಉತ್ತರ ಕೊಟ್ಟಿದ್ದಾರೆ. ಈಗಲೂ ನಮ್ಮ ಊರಲ್ಲೇ ಇದ್ದಾರೆ.

ಆಮೇಲೆ ನಾನು ಧಾರವಾಡಕ್ಕೆ ಹೋಗುವುದು ರೂಢಿಯಾಯಿತು. ಹೋದಾಗಲೆಲ್ಲ ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಮಾತು ಅವಳದೇ. ನಾನು ಹಿಂದೆ ನಿಂತು ತಲೆ ಆಡಿಸುತ್ತೇನೆ. ಅಲ್ಲಿಯ ಬಾಕಿನ ಮೇಲೆ ನಿವೃತ್ತ ಮಾಸ್ತರರೂ ಕುಳಿತಿರುತ್ತಾರೆ, ರಾಜಕೀಯವೂ ನಡೆದಿರುತ್ತದೆ. ಒಬ್ಬರು, "ನಿಮ್ಮದೇನ್ರಿ, ಪಿಂಚಣಿ ಕೇಸೇನು?" ಅಂತ ಕೇಳಿದರು. "ಇಲ್ರಿ, ಒಂದ ದಿನದ್ದು," ಅಂದೆ. ಒಂದು ದಿನಕ್ಕೆ ಇಷ್ಟು ಓಡಾಟವೇ ಅಂತ ಅವರಿಗೆ ಅಚ್ಚರಿ. ಬಿಡಿಸಿ ಹೇಳಲು ಹೋಗಿ ನಡುವೆ ಎಳೆ ತಪ್ಪಿತು. ಮಗಳು ಬಂದು ಪೂರ್ತಿ ಮಾಡಿದಳು.

ಈ ಮಾರ್ಚ್ ಮುಗಿದೊಡನೆ ಉಳಿದ ಗುತ್ತಿಗೆಯವರಿಗೆಲ್ಲ ಮತ್ತೆ ಬ್ರೇಕ್ ಬಂತು. ಆ ದಿನ ಊರ ಗುಂಪಿನಲ್ಲಿ ಯಾರೂ ಏನೂ ಹಾಕಲಿಲ್ಲ. ನಾನು ಗಿರಣಿ ತೆಗೆದಿದ್ದೆ, ಬಂದವರಿಗೆ ಬೀಸಿಕೊಟ್ಟೆ.

ಡಾಕ್ಟರರ ಪತ್ರ ಧಾರವಾಡದಲ್ಲಿದೆ. ಬೇರೆ ಎಲ್ಲ ಕಾಗದಗಳೂ ಸರಿಯಾಗಿವೆ ಅಂತಾರೆ. ಆ ಗುರುವಾರ ಅವಳು ಕೆಲಸದಲ್ಲಿದ್ದಳು ಅಂತ ಮಾತ್ರ ಸರ್ಕಾರದವರು ಇನ್ನೂ ಹೇಳಿಲ್ಲ.